ಎರಡು ಪದಕ್ಕೂ ಒಂದೇ ಅರ್ಥ ಬೇಡ

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿ ಓದುವ ನನ್ನ ಮಗಳು ಮೊನ್ನೆ ರಾತ್ರಿ ಇಂಗ್ಲಿಷ್ ಗೈಡ್ ಹಿಡಿದು ಬಂದಳು. 'ಹಿಸ್ಟಾರಿಕ್', 'ಹಿಸ್ಟಾರಿಕಲ್' ಎರಡರ ಮುಂದೆಯೂ 'ಐತಿಹಾಸಿಕ' ಅಂತ ಅಚ್ಚಾಗಿತ್ತು. "ಅಮ್ಮಾ, ಅರ್ಥ ಒಂದೇ ಆದ್ರೆ ಎರಡು ಪದ ಯಾಕೆ?" ಅಂದಳು. ಒಳ್ಳೆಯ ಪ್ರಶ್ನೆ, ಅಲ್ವಾ?

ನಮ್ಮ ಜಿಲ್ಲೆಯ ಮಸ್ಕಿಯನ್ನೇ ಇಟ್ಟುಕೊಂಡು ಹೇಳಿದೆ. 1915ರಲ್ಲಿ ಅಲ್ಲಿ ಅಶೋಕ ಚಕ್ರವರ್ತಿಯ ಬಂಡೆ ಶಾಸನ ಸಿಕ್ಕಿತು. ಅದುವರೆಗೆ ಸಿಕ್ಕಿದ್ದ ಅವನ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಬಿರುದು ಇತ್ತು, ಅಶೋಕ ಎಂಬ ಹೆಸರು ಇರಲಿಲ್ಲ. ಆ ಹೆಸರು ಮಸ್ಕಿಯ ಬಂಡೆಯ ಮೇಲೆ ಕಂಡಿತು; ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಖಚಿತವಾಯಿತು. ಇತಿಹಾಸದಲ್ಲಿ ಅಷ್ಟು ಮಹತ್ವ ಪಡೆದ ಆ ಘಟನೆ 'ಹಿಸ್ಟಾರಿಕ್'. ನಮ್ಮ ಅಟ್ಟದ ಮೇಲೆ ತಾತನ ಕಾಲದ ಹತ್ತಿ ವ್ಯಾಪಾರದ ಲೆಕ್ಕದ ಪುಸ್ತಕ ಇದೆ. ಅಂಚು ಗೆದ್ದಲು ತಿಂದಿದೆ, ಶಾಯಿ ಕಂದಿದೆ. ಹಿಂದಿನ ಕಾಲ ತಿಳಿಯಲು ಅದು 'ಹಿಸ್ಟಾರಿಕಲ್' ದಾಖಲೆ. ಆದರೆ ಅದರಿಂದ ಇತಿಹಾಸವೇನೂ ಬದಲಾಗಲಿಲ್ಲ. ಮಗಳಿಗೆ ತಕ್ಷಣ ಹೊಳೆಯಿತು.

'ಎಕನಾಮಿಕ್', 'ಎಕನಾಮಿಕಲ್' ಕೂಡ ಹೀಗೇ. ಹತ್ತಿ ದರ ಕುಸಿದರೆ ಅದು ಎಕನಾಮಿಕ್ ಸಮಸ್ಯೆ. ಕಡಿಮೆ ಡೀಸೆಲ್‌ನಲ್ಲಿ ಜಾಸ್ತಿ ಹೊಲ ಉಳುವ ಟ್ರ್ಯಾಕ್ಟರ್ ಎಕನಾಮಿಕಲ್.

ಕನ್ನಡ ಮಾಧ್ಯಮದ ಮಕ್ಕಳು ದಡ್ಡರಲ್ಲ. ಅವರ ಕೈಗೆ ಸಿಗುವ ಪುಸ್ತಕ ಸುಮ್ನೆ ಒಂದು ಪದ ಬರೆದು ಕೈತೊಳೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಮಕ್ಕಳು. ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಇಂಥ ಒಂದು ಜೋಡಿ ಪದವನ್ನು ನಮ್ಮ ಊರಿನ ಉದಾಹರಣೆ ಕೊಟ್ಟು ವಿವರಿಸಿ. ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸಿಕೊಳ್ಳಲು ನನ್ನ ಮಗಳು ಈಗಲೇ ತಯಾರಾಗಿದ್ದಾಳೆ.

– ಒಬ್ಬ ತಾಯಿ, ರಾಯಚೂರು