ಭಾನುವಾರದ ಚರ್ಚೆ: ಜೇ ಜೇ ಒಕೊಚಾ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6 ಗಂಟೆಯ ವಿಡಿಯೊ ಕರೆಯಲ್ಲಿ ನೈಜೀರಿಯಾದ ಮಾಜಿ ಫುಟ್‌ಬಾಲ್ ಮಿಡ್‌ಫೀಲ್ಡರ್ (ಮಧ್ಯಮೈದಾನದ ಆಟಗಾರ) ಜೇ ಜೇ ಒಕೊಚಾ ಅವರ ಆಟದ ಬಗ್ಗೆ ಮಾತನಾಡೋಣ.

ಬರುವ ಮುನ್ನ, 1993ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಕ್ಲಬ್ ಪರ ಅಲ್ಲಿಯದೇ ಕಾರ್ಲ್ಸ್‌ರುಹೆ ಕ್ಲಬ್ ವಿರುದ್ಧ ಅವರು ಹೊಡೆದ ಗೋಲನ್ನು ತಪ್ಪದೆ ನೋಡಿ. ಪೆನಾಲ್ಟಿ ಆವರಣದಲ್ಲಿ ಚೆಂಡನ್ನು ಎಡಕ್ಕೆ, ಬಲಕ್ಕೆ ಎಳೆಯುತ್ತ ಗೋಲ್‌ಕೀಪರ್ ಆಲಿವರ್ ಕಾನ್ ಅವರನ್ನೂ ರಕ್ಷಣಾ ಆಟಗಾರರನ್ನೂ ಕಕ್ಕಾಬಿಕ್ಕಿ ಮಾಡಿದ ಮೇಲೆಯೇ ಒದ್ದರು. ಅಂಥ ಗೋಲನ್ನು ನಾನು ಬೇರೆಲ್ಲೂ ಕಂಡಿಲ್ಲ!

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರಿದ್ದ ನೈಜೀರಿಯಾ ತಂಡ ಗೆದ್ದ ಚಿನ್ನದ ಬಗ್ಗೆ ಒಬ್ಬರು, ಪ್ಯಾರಿಸ್ ಮತ್ತು ಇಂಗ್ಲೆಂಡಿನ ಬೋಲ್ಟನ್ ಕ್ಲಬ್‌ಗಳಲ್ಲಿ ಅವರು ಆಡಿದ ವರ್ಷಗಳ ಬಗ್ಗೆ ಇನ್ನೊಬ್ಬರು ಐದೈದು ನಿಮಿಷ ಮಾತನಾಡಬೇಕು. ಒಪ್ಪುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿ. ಕರೆಯ ಲಿಂಕ್ ಶನಿವಾರ ರಾತ್ರಿ ಹಾಕುತ್ತೇನೆ. ದೊಡ್ಡ ವಿಡಿಯೊಗಳನ್ನು ಗುಂಪಿಗೆ ಕಳುಹಿಸಬೇಡಿ, ಹಲವರ ಮೊಬೈಲ್ ತುಂಬಿಹೋಗುತ್ತದೆ.