ಬಟ್ಟೆ ಬಿಚ್ಚಬೇಡ, ಗೆಳೆಯಾ

ಗೆಳೆಯಾ,

ನಿನ್ನ ಕಾಮಿಕ್ಸಿನ ಕರಡು ಪುಟಗಳು ಬಂದವು. ಗೆರೆ ಚೆನ್ನಾಗಿದೆ, ನೆರಳು ಇನ್ನೂ ಚೆನ್ನಾಗಿದೆ. ಆದರೆ ನೀನು ಬಿಡಿಸಿದ ಮಮ್ಮಿ, ಅಂದರೆ ಹಳೆಯ ಈಜಿಪ್ಟಿನವರು ಕೊಳೆಯದ ಹಾಗೆ ಒಣಗಿಸಿ ಸುತ್ತಿಟ್ಟ ಹೆಣ, ಅದರ ಮೈಮೇಲಿರುವುದು ಆಸ್ಪತ್ರೆಯ ಬ್ಯಾಂಡೇಜು. ಈ ಪತ್ರವನ್ನು ಎಲ್ಲರ ಮುಂದೆ ಹಾಕುತ್ತಿರುವುದು ಬೇಕೆಂದೇ. ಹತ್ತು ಜನ ಓದಿದ ಮೇಲೆ ನೀನು ತಿದ್ದದೆ ಬಿಡುವ ಹಾಗಿಲ್ಲ.

ಮೊದಲು ಬಟ್ಟೆ. ಅದು ಅಗಸೆ ನಾರಿನ ಲಿನನ್. ಎಷ್ಟೋ ಸಲ ಮನೆಯಲ್ಲಿ ಉಟ್ಟು ಹೊದ್ದು ಹಳೆಯದಾದದ್ದನ್ನೇ ಉದ್ದಕ್ಕೆ ಹರಿದು ಪಟ್ಟಿ ಮಾಡುತ್ತಿದ್ದರು. ಹಾಗಾಗಿ ಅಂಚಲ್ಲಿ ನೂಲು ಎದ್ದಿರಲಿ, ಅಗಲ ಒಂದೇ ಸಮ ಇರುವುದು ಬೇಡ. ಚೆನ್ನಾಗಿ ಮಾಡಿದ ಮಮ್ಮಿಯಲ್ಲಿ ಒಂದೊಂದು ಬೆರಳಿಗೂ ಬೇರೆ ಸುತ್ತು, ಆಮೇಲೆ ಕೈಕಾಲಿಗೆ, ಕೊನೆಗೆ ಎರಡೂ ಕಾಲು ಜೋಡಿಸಿ ಇಡೀ ಮೈಗೆ. ಪದರಗಳ ನಡುವೆ ಕರಗಿಸಿದ ರಾಳ, ಅಲ್ಲಲ್ಲಿ ತಾಯಿತ. ಒಂದು ದೇಹಕ್ಕೆ ನೂರಾರು ಚದರ ಮೀಟರ್ ಬಟ್ಟೆ ಹೋದದ್ದುಂಟು. ರಾಳ ಆರಿದರೆ ಎಲ್ಲ ಸೇರಿ ಗಟ್ಟಿ ಚಿಪ್ಪು. ಐದನೇ ಪುಟದಲ್ಲಿ ನಾಯಕ ಒಂದು ತುದಿ ಹಿಡಿದೆಳೆದರೆ ಮಮ್ಮಿ ಗಿರಗಿರ ತಿರುಗಿ ಬಿಚ್ಚಿಕೊಳ್ಳುತ್ತದಲ್ಲ, ಅದು ಆಗದ ಕೆಲಸ. ಕೈ ಮುಂದೆ ಚಾಚಿ ನಡೆಯುವುದೂ ಅಷ್ಟೆ.

ಒಳಗೆ ಏನಿದೆ ಅಂತ ನೀನು ಕೇಳಿದ್ದೆಯಲ್ಲ. ಎಡ ಪಕ್ಕೆಯ ಕೆಳಗೆ ಸೀಳಿ ಶ್ವಾಸಕೋಶ, ಪಿತ್ತಜನಕಾಂಗ, ಜಠರ, ಕರುಳು ತೆಗೆಯುತ್ತಿದ್ದರು. ಕೊಳೆಯುವುದು ಮೊದಲು ಹೊಟ್ಟೆಯಲ್ಲೇ. ಹೃದಯವನ್ನು ಸಾಮಾನ್ಯವಾಗಿ ಬಿಡುತ್ತಿದ್ದರು, ಪರಲೋಕದಲ್ಲಿ ತಕ್ಕಡಿಗೆ ಹಾಕಿ ತೂಗುವುದು ಅದನ್ನೇ ಅಂತ ಅವರ ನಂಬಿಕೆ. ಮಿದುಳು ಮೂಗಿನ ದಾರಿಯಲ್ಲಿ ಹೊರಗೆ. 1994ರಲ್ಲಿ ಸಂಶೋಧಕರಾದ ಬಾಬ್ ಬ್ರೈಯರ್ ಮತ್ತು ರೊನಾಲ್ಡ್ ವೇಡ್ ಅಮೆರಿಕದಲ್ಲಿ, ದಾನವಾಗಿ ಬಂದ ದೇಹವೊಂದನ್ನು ಹಳೆಯ ಪದ್ಧತಿಯಲ್ಲೇ ಮಮ್ಮಿ ಮಾಡಿ ನೋಡಿದರು. ಕೊಕ್ಕೆ ಹಾಕಿ ಎಳೆದರೆ ಮಿದುಳು ಬರಲಿಲ್ಲ. ಒಳಗೇ ಕಲಕಿ ನೀರಾಗಿಸಿ ಸುರಿಸಬೇಕಾಯಿತು. ಆಮೇಲೆ ನೇಟ್ರಾನ್, ಈಜಿಪ್ಟಿನ ವಾದಿ ನತ್ರೂನ್ ಕಣಿವೆಯ ಉಪ್ಪು. ಅದರ ಒಣ ಪುಡಿಯನ್ನು ಒಳಗೂ ತುಂಬಿ, ಮೇಲೂ ರಾಶಿ ಹಾಕಿ ಸುಮಾರು 40 ದಿನ. ಸುತ್ತುವುದೂ ಸೇರಿ 70 ದಿನ. ಒಣಗಿದ ಮುಖ ಗುಳಿಬೀಳುತ್ತದೆ. ಸುಮಾರು 3,000 ವರ್ಷದ ಹಿಂದಿನ 21ನೇ ರಾಜವಂಶದ ಕಾಲದವರು ಅದಕ್ಕೆ ಚರ್ಮದಡಿಗೆ ತುಂಬಿ ಮುಖ ಎತ್ತಿಕೊಡಲು ಹೋದರು. ರಾಣಿ ಹೆನುತ್ತವಿಗೆ ತುಂಬಿದ್ದು ಹೆಚ್ಚಾಗಿ ಕೆನ್ನೆಯೇ ಬಿರಿಯಿತು.

ನಿನಗೆ ಇಷ್ಟದ ಮಾರ್ವೆಲ್‌ನ ಎನ್‌ಕಂಟು, 1973ರ ‘ಲಿವಿಂಗ್ ಮಮ್ಮಿ’, ದಂಗೆಯೆದ್ದ ಗುಲಾಮ. ಬದುಕಿದ್ದಾಗಲೇ ರಕ್ತ ಬಸಿದು, ಬೇರೇನೋ ದ್ರವ ತುಂಬಿ, ಸುತ್ತಿ ಹೂಳುತ್ತಾರೆ. ಕತೆಯಲ್ಲಿ ಬಟ್ಟೆ ಅವನಿಗೆ ಸೆರೆಮನೆ. ಈಜಿಪ್ಟಿನಲ್ಲಿ ಅದು ಆರೈಕೆ. ಅಲ್ಲಿನ ರಾಜ ಒಂದನೇ ಅಮೆನ್‌ಹೊಟೆಪ್‌ನನ್ನು ನೋಡು. ಗೋರಿಗಳ್ಳರು ಅವನ ದೇಹವನ್ನು ಹಾಳುಮಾಡಿ ತಲೆಯನ್ನೇ ಬೇರ್ಪಡಿಸಿದ್ದರು. ಕೆಲವು ಶತಮಾನಗಳ ನಂತರ ಪುರೋಹಿತರು ರಾಳ ಹಚ್ಚಿದ ಲಿನನ್ ಪಟ್ಟಿಯಿಂದ ತಲೆಯನ್ನು ಜೋಡಿಸಿ, ಮತ್ತೆ ಸುತ್ತಿ, ಹೂಮಾಲೆ ಹಾಕಿದರು. ಹೂವಿಗೆ ಬಂದ ಕಣಜವೊಂದು ಪೆಟ್ಟಿಗೆಯೊಳಗೇ ಉಳಿದುಹೋಗಿತ್ತು. ಈಜಿಪ್ಟಿನ ಸಂಶೋಧಕರಾದ ಸಹರ್ ಸಲೀಂ ಮತ್ತು ಜಾಹಿ ಹವಾಸ್ ಬಟ್ಟೆಯ ಒಂದು ಎಳೆಯನ್ನೂ ಮುಟ್ಟದೆ, ಸಿಟಿ ಸ್ಕ್ಯಾನಿನಿಂದಲೇ ಒಳಗಿನ ದೇಹವನ್ನು ಓದಿ 2021ರಲ್ಲಿ ಪ್ರಕಟಿಸಿದರು: ವಯಸ್ಸು ಸುಮಾರು 35, ಒಳಗೆ 30 ತಾಯಿತ.

ಈಗ ಹದಿಹರೆಯದಲ್ಲೇ ಸತ್ತ ರಾಜ ತುತಂಖಾಮುನ್. 1925ರ ನವೆಂಬರಿನಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ತಂಡದವರು ಅವನ ಸುತ್ತು ಬಿಚ್ಚಲು ಹೋದರು. ಹೊಯ್ದ ರಾಳ ಗಟ್ಟಿಯಾಗಿ ದೇಹ, ಚಿನ್ನದ ಮುಖವಾಡ, ಪೆಟ್ಟಿಗೆ ಎಲ್ಲ ಒಂದಾಗಿದ್ದವು. ಬಿಸಿಲಿಗಿಟ್ಟರು, ಕರಗಲಿಲ್ಲ. ಕಾಯಿಸಿದ ಚಾಕು ಹಾಕಿದರು. ತಲೆ ಬೇರೆ, ಕೈಕಾಲು ಬೇರೆ, ಮುಂಡವೂ ತುಂಡು. ಕೊನೆಗೆ ಮರಳು ಹರಡಿದ ತಟ್ಟೆಯ ಮೇಲೆ ಎಲ್ಲವನ್ನೂ ಇಡೀ ದೇಹದ ಹಾಗೆ ಜೋಡಿಸಿಟ್ಟರು. ಗೋರಿಗಳ್ಳರು ಅಮೆನ್‌ಹೊಟೆಪ್‌ಗೆ ಮಾಡಿದ್ದು ಇದನ್ನೇ ಅಲ್ಲವೇನೋ?

ಅದಕ್ಕೇ ನಿನ್ನ ಎಂಟನೇ ಪುಟ ನೋಡಿ ಕಸಿವಿಸಿಯಾಯಿತು. ‘ಯಾರು ನನ್ನನ್ನು ಕೆಣಕಿದ್ದು’ ಅಂತ ಮಮ್ಮಿ ಅರಚುತ್ತದೆ. ಕಾಮಿಕ್ಸಿನಲ್ಲಿ ಎದ್ದು ಬರುವುದು ಸುಳ್ಳು, ಶಾಪ ಸುಳ್ಳು; ಆ ಪ್ರಶ್ನೆ ಮಾತ್ರ ನಿಜ. ಇನ್ನೊಂದು ಮಾತು, ಇಲ್ಲಿ ಹೇಳಬೇಕು ಅಂದುಕೊಂಡಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಹುಡುಗನ ಕಪ್ಪಾದ ಮುಖದ ಫೋಟೊ ಕಂಡರೆ ಕಣ್ಣು ಕೀಳಲು ಆಗುವುದಿಲ್ಲ. ಬಿಚ್ಚಬಾರದಿತ್ತು ಅನ್ನುವವನೂ ನಾನೇ, ಬಿಚ್ಚಿದ್ದರಿಂದ ಕಂಡದ್ದನ್ನು ಆಸೆಯಿಂದ ನೋಡುವವನೂ ನಾನೇ. ಆ ಆಸೆಗೆ ನನಗೆ ನಾಚಿಕೆಯಿದೆ, ಆದರೂ ಅದು ಹೋಗಿಲ್ಲ.

ಸರಿ, ಕೆಲಸಕ್ಕೆ ಬರೋಣ. ನಿನ್ನ ಮಮ್ಮಿ ರಾಜನಾದರೆ ಕೈಗಳನ್ನು ಎದೆಯ ಮೇಲೆ ಅಡ್ಡ ಇಡು. ಅಮೆನ್‌ಹೊಟೆಪ್, ತುತಂಖಾಮುನ್ ಆಳಿದ ‘ಹೊಸ ಸಾಮ್ರಾಜ್ಯ’ದ ಕಾಲದ ರಾಜರಿಗೆ ಅದೇ ವಾಡಿಕೆ. ಮುಖದ ಬಟ್ಟೆ ಕೊನೆಯ ಪುಟದವರೆಗೂ ಬಿಚ್ಚಬೇಡ. ಕಣಜಕ್ಕೆ ಒಂದು ಇಡೀ ಚೌಕಟ್ಟು ಕೊಡು, ನೀನು ಚಂದ ಬಿಡಿಸುತ್ತೀಯ. ಹದಿನಾರನೇ ಪುಟದ ಒಂಟೆಗೆ ಮೇಷ್ಟ್ರ ಮೀಸೆ ಇಟ್ಟಿದ್ದೀಯಲ್ಲ, ಅದನ್ನು ಮಾತ್ರ ಯಾರು ಹೇಳಿದರೂ ಅಳಿಸಬೇಡ ಕಣೋ.

ನಿನ್ನ,
ಅದೇ ಹಳೇ ಗೆಳೆಯ