ಗ್ರೀನ್‌ಬೆಲ್ಟ್‌ನ ಆ ಹಾಲ್ ಬರೀ ಕೂಲಿ ಕೊಡೋಕೆ ಕಟ್ಟಿದ್ದಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪುರವಣಿಯಲ್ಲಿ ಅಮೆರಿಕದ 1930ರ ದಶಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಬಂದ ಲೇಖನ ಓದ್ದೆ. ಷೇರು ಮಾರ್ಕೆಟ್ ಬಿದ್ದಿದ್ದು, ಬ್ಯಾಂಕುಗಳು ಬಾಗಿಲು ಹಾಕಿದ್ದು, ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇಲ್ದಂಗಾಗಿದ್ದು ಎಲ್ಲಾ ಸರಿಯಾಗೇ ಬರೆದಿದ್ದಾರೆ. ಆದ್ರೆ ರೂಸ್‌ವೆಲ್ಟ್ ಸರ್ಕಾರ ಆಗ ಕಟ್ಟಿಸಿದ ಸಮುದಾಯ ಭವನಗಳ ವಿಷಯ ಬಂದಾಗ ಮಾತ್ರ, ಜನಕ್ಕೆ ನಾಕು ಕಾಸು ಕೂಲಿ ಸಿಗ್ಲಿ ಅಂತ ಎಬ್ಬಿಸಿದ ಕಟ್ಟಡಗಳು ಅಂತ ಒಂದೇ ಸಾಲಲ್ಲಿ ತಳ್ಳಿಹಾಕಿಬಿಟ್ಟಿದ್ದಾರೆ. ನಾನಿರೋದು ಮೇರಿಲ್ಯಾಂಡ್‌ನಲ್ಲಿ, ಅಂಥದ್ದೇ ಒಂದು ಭವನಕ್ಕೆ ಹತ್ತಿರದಲ್ಲೇ, ಹಾಗಾಗಿ ಸುಮ್ನಿರೋಕೆ ಮನಸ್ಸಾಗ್ಲಿಲ್ಲ.

ಊರಿನ ಹೆಸರು ಗ್ರೀನ್‌ಬೆಲ್ಟ್. ವಾಷಿಂಗ್ಟನ್‌ನಿಂದ ಸುಮಾರು 20 ಕಿಲೋಮೀಟರ್. ನಾಸಾದ ಗೊಡಾರ್ಡ್ ಕೇಂದ್ರ ಇರೋದು ಇಲ್ಲೇ ಅಂದ್ರೆ ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತಾಗುತ್ತೆ. ಆದ್ರೆ ನಾಸಾ ಬರೋಕೆ ಎರಡು ದಶಕ ಮುಂಚೇನೇ ಈ ಊರಿತ್ತು, ಅದೂ ತಾನಾಗೇ ಬೆಳೆದ ಊರಲ್ಲ, ಸರ್ಕಾರವೇ ಕೂತು ನಕ್ಷೆ ಹಾಕಿ ಕಟ್ಟಿದ್ದು. ರೆಕ್ಸ್‌ಫರ್ಡ್ ಟಗ್‌ವೆಲ್ ಅಂತ ಎಕನಾಮಿಕ್ಸ್ ಮೇಷ್ಟ್ರು ರೂಸ್‌ವೆಲ್ಟ್‌ಗೆ ಸಲಹೆಗಾರರಾಗಿದ್ರು, ಅವರ ಕೈಕೆಳಗಿನ ಇಲಾಖೆ 1935ರ ಅಕ್ಟೋಬರ್‌ನಲ್ಲಿ ಕೆಲಸ ಶುರು ಮಾಡ್ತು, 1937ರ ಶರತ್ಕಾಲಕ್ಕೆ ಮೊದಲ ಕುಟುಂಬಗಳು ಬಂದು ಒಕ್ಕಲಾದ್ವು. 885 ಮನೆಗೆ 5,700ಕ್ಕೂ ಹೆಚ್ಚು ಅರ್ಜಿ. ವರ್ಷಕ್ಕೆ 800ರಿಂದ 2,200 ಡಾಲರ್ ಸಂಪಾದನೆ ಇರೋರಿಗೆ ಮಾತ್ರ ಮನೆ, ಅಂದ್ರೆ ಕೈಗೂ ಬಾಯಿಗೂ ಸರಿಹೋಗೋ ಮಟ್ಟದ ಗುಮಾಸ್ತರು, ಡ್ರೈವರ್‌ಗಳು, ಸಣ್ಣ ಸರ್ಕಾರಿ ನೌಕರರು, ಇಂಥೋರು.

ಕೂಲಿ ಕೊಡೋ ಉದ್ದೇಶ ಇದ್ದಿದ್ದು ನಿಜ, ಅದನ್ನ ನಾನು ಇಲ್ಲ ಅನ್ನಲ್ಲ. ವಾಷಿಂಗ್ಟನ್‌ನಲ್ಲಿ ಕೆಲಸ ಕಳ್ಕೊಂಡು ಸರ್ಕಾರದ ನೆರವಿನಲ್ಲಿ ದಿನ ದೂಡ್ತಿದ್ದೋರನ್ನೇ ಕರ್ಕೊಂಡು ಬಂದು ಇಲ್ಲಿ ಗುದ್ದಲಿ ಹಿಡಿಸಿದ್ರು. ಆದ್ರೆ ಬರೀ ಕೂಲಿಗೋಸ್ಕರ ಆಗಿದ್ರೆ ನಾಲ್ಕು ಗೋಡೆ ಒಂದು ಶೀಟಿನ ಛಾವಣಿ ಸಾಕಾಗ್ತಿತ್ತಲ್ವಾ? ಊರಿನ ನಡುಮಧ್ಯ ಇರೋ ಆ ಬೆಳ್ಳನೆ ಕಟ್ಟಡ ನೋಡಿ. ಆರ್ಟ್ ಡೆಕೊ ಅಂತ ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ ಅಚ್ಚುಕಟ್ಟು ಗೆರೆಗಳ ಶೈಲಿ, ಡಗ್ಲಸ್ ಎಲಿಂಗ್ಟನ್ ಮತ್ತೆ ರೆಜಿನಾಲ್ಡ್ ವಾಡ್ಸ್‌ವರ್ತ್ ಅನ್ನೋ ವಾಸ್ತುಶಿಲ್ಪಿಗಳ ಕೆಲಸ. ಹಗಲು ಹೊತ್ತು ಮಕ್ಕಳ ಸ್ಕೂಲು, ಸಂಜೆ ಆದ್ಮೇಲೆ ಇಡೀ ಊರಿನ ಹಾಲು. ಒಂದೇ ಕಟ್ಟಡ, ಎರಡು ಉಪಯೋಗ, ದುಡ್ಡೂ ಉಳೀತು ಜನರೂ ಒಂದೇ ಕಡೆ ಸೇರಿದ್ರು. ಮಕ್ಕಳು ಆಟ ಆಡೋ ಜಿಮ್‌ನಲ್ಲೇ ಒಂದು ಸ್ಟೇಜು, ಅಲ್ಲೇ ನಾಟಕ, ಅಲ್ಲೇ ಡಾನ್ಸು, ಅಲ್ಲೇ ಊರಿನ ಮೀಟಿಂಗು. ಲೈಬ್ರರಿ ಕೂಡ ಇದೇ ಕಟ್ಟಡದಲ್ಲಿತ್ತು. ಚರ್ಚ್ ಕಟ್ಟಿಕೊಳ್ಳೋಕೆ ಇನ್ನೂ ದುಡ್ಡು ಹೊಂದಿಸ್ತಿದ್ದ ಕಾಲದಲ್ಲಿ ಭಾನುವಾರದ ಪ್ರಾರ್ಥನೆಯೂ ಇಲ್ಲೇ. ಮಕ್ಕಳು ಮನೆಯಿಂದ ಇಲ್ಲಿಗೆ ನಡ್ಕೊಂಡು ಬರುವಾಗ ದೊಡ್ಡ ರಸ್ತೆ ದಾಟೋದೇ ಬೇಡ ಅಂತ ರಸ್ತೆ ಕೆಳಗೆ ಅಂಡರ್‌ಪಾಸ್ ಮಾಡಿದ್ದಾರೆ, 1937ರಲ್ಲಿ! ಇವತ್ತಿಗೂ ಅವು ಬಳಕೆಯಲ್ಲಿವೆ.

ಕಟ್ಟಡದ ಮುಂದಿನ ಗೋಡೆಯಲ್ಲಿ ಕಲ್ಲಿನ ಉಬ್ಬು ಶಿಲ್ಪಗಳಿವೆ, ನನಗೆ ಅತಿ ಇಷ್ಟವಾದದ್ದು ಅದೇ. ಲೆನೋರ್ ಥಾಮಸ್ ಅನ್ನೋ ಶಿಲ್ಪಿ ಕೆತ್ತಿದ್ದು, ಆಗ ಆಕೆಗೆ ಇನ್ನೂ ಮೂವತ್ತು ಕೂಡ ತುಂಬಿರಲಿಲ್ಲ. ವಿಷಯ ಏನು ಅಂದ್ರೆ ಅಮೆರಿಕದ ಸಂವಿಧಾನದ ಪೀಠಿಕೆ. ಜನತೆಯಾದ ನಾವು ಅನ್ನೋದ್ರಿಂದ ಹಿಡಿದು ನ್ಯಾಯ ಸ್ಥಾಪನೆ, ಎಲ್ಲರ ಕ್ಷೇಮ, ಹೀಗೆ ಒಂದೊಂದು ಮಾತಿಗೆ ಒಂದೊಂದು ಫಲಕ, ಅದರಲ್ಲಿ ರಾಜರಿಲ್ಲ ಸೇನಾಪತಿಗಳಿಲ್ಲ, ಮೈಬಗ್ಗಿಸಿ ದುಡಿಯೋ ಸಾಮಾನ್ಯ ಜನರ ಗಟ್ಟಿಮುಟ್ಟಾದ ಆಕೃತಿಗಳು. ಸ್ಕೂಲಲ್ಲಿ "ಭಾರತದ ಜನತೆಯಾದ ನಾವು" ಅಂತ ಬಾಯಿಪಾಠ ಮಾಡಿ ಬೆಳೆದ ನನ್ನಂಥೋರು ಆ ಗೋಡೆ ಮುಂದೆ ನಿಂತ್ರೆ ಅದು ಪರದೇಶದ ಗೋಡೆ ಅಂತ ಅನ್ನಿಸೋದೇ ಇಲ್ಲ. ಕಡಿಮೆ ಸಂಬಳದ ಜನರ ಮಕ್ಕಳು ದಿನಾ ಒಳಗೆ ಹೋಗೋ ಬಾಗಿಲ ಪಕ್ಕದಲ್ಲಿ ಇಂಥ ಶಿಲ್ಪ ಇರ್ಬೇಕು ಅಂತ ಒಂದು ಸರ್ಕಾರಕ್ಕೆ ಅನ್ನಿಸಿತ್ತಲ್ಲ, ಲೇಖನದಲ್ಲಿ ಬಿಟ್ಟುಹೋಗಿದ್ದು ಇದೇ.

ಹಾಗಂತ ಎಲ್ಲಾ ಚಂದವಾಗಿತ್ತು ಅಂತ ಬರೆದ್ರೆ ಅದು ಸುಳ್ಳಾಗುತ್ತೆ. ಊರು ಕಟ್ಟೋಕೆ ಕರಿಯ ಕಾರ್ಮಿಕರೂ ಬೆವರು ಸುರಿಸಿದ್ರು, ಆದ್ರೆ ಮನೆ ಕೊಟ್ಟಿದ್ದು ಬಿಳಿಯರಿಗೆ ಮಾತ್ರ, ಅದೇ ಸ್ಥಿತಿ ದಶಕಗಳ ಕಾಲ ನಡೀತು. ಮದುವೆಯಾದ ಹೆಂಗಸರು ಹೊರಗೆ ಕೆಲಸಕ್ಕೆ ಹೋಗೋ ಹಾಗಿರ್ಲಿಲ್ಲ. ನಮ್ಮವರ ಕಥೆ ಅಂದ್ರೆ, ಭಾರತೀಯರು ಕಾನೂನಿನ ಪ್ರಕಾರ ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಪೌರತ್ವ ಕೇಳಿದ್ದ ಭಗತ್ ಸಿಂಗ್ ಥಿಂಡ್ ಅನ್ನೋ ಪಂಜಾಬಿಯ ಕೇಸಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ 1923ರಲ್ಲಿ ಹೇಳಿಬಿಟ್ಟಿತ್ತು, ಅದು ಬದಲಾಗಿದ್ದು 1946ರಲ್ಲಿ. ಅಂದ್ರೆ ಜನತೆಯಾದ ನಾವು ಅಂತ ಕಲ್ಲಲ್ಲಿ ಕೆತ್ತುತ್ತಿದ್ದ ಹೊತ್ತಲ್ಲೇ ಆ ಊರಲ್ಲಿ ಯಾರಿರಬೇಕು ಯಾರಿರಬಾರದು ಅನ್ನೋ ಗೆರೆ ಎಳೆದಾಗಿತ್ತು. ಇದು ನನಗೆ ತುಂಬಾ ಸಂಕಟ ಕೊಡೋ ವಿಷಯ, ಭವನದ ಚರಿತ್ರೆ ಹೇಳೋರು ಇದನ್ನೂ ಸೇರಿಸಿಯೇ ಹೇಳ್ಬೇಕು.

ನೀವು ಪತ್ರಿಕೆಯೋರು ಅಂತ ಇನ್ನೊಂದು ಮಾತು ಹೇಳ್ತೀನಿ. ಜನ ಬಂದು ಒಕ್ಕಲಾದ ಕೆಲವೇ ವಾರದಲ್ಲಿ, 1937ರ ನವೆಂಬರ್‌ನಲ್ಲಿ, ಊರಿನೋರೇ ಸೇರಿ ಒಂದು ವಾರಪತ್ರಿಕೆ ಶುರು ಮಾಡಿದ್ರು. ಈಗ ಅದರ ಹೆಸರು ಗ್ರೀನ್‌ಬೆಲ್ಟ್ ನ್ಯೂಸ್ ರಿವ್ಯೂ, ಸಹಕಾರಿ ಸಂಘದ ಪತ್ರಿಕೆ, ಹೆಚ್ಚುಕಮ್ಮಿ ಸ್ವಯಂಸೇವಕರೇ ನಡೆಸೋದು, ಆಫೀಸು ಇರೋದು ಇದೇ ಕಮ್ಯುನಿಟಿ ಸೆಂಟರ್ ಒಳಗೆ. 1960ರ ದಶಕದಲ್ಲಿ ಒಬ್ಬ ದೊಡ್ಡ ಬಿಲ್ಡರ್ ತನ್ನ ಜಮೀನಿನ ವಿಚಾರದಲ್ಲಿ ಸಿಟಿ ಕೌನ್ಸಿಲ್ ಜೊತೆ ಚೌಕಾಸಿ ಮಾಡ್ತಿದ್ದಾಗ ಸಾರ್ವಜನಿಕ ಮೀಟಿಂಗ್‌ನಲ್ಲಿ ಜನ ಎದ್ದು ನಿಂತು ಇದು ಬ್ಲ್ಯಾಕ್‌ಮೇಲ್ ಅಂತ ಬೈದ್ರು, ಪತ್ರಿಕೆ ಅದನ್ನ ಇದ್ದಂಗೇ ಹಾಕ್ತು, ಆತ ಮಾನನಷ್ಟ ಮೊಕದ್ದಮೆ ಹೂಡಿದ, ಕೆಳಗಿನ ಕೋರ್ಟು 17,500 ಡಾಲರ್ ಕಟ್ಟಿ ಅಂತು. ಊರಿನ ಜನ ಚಂದಾ ಎತ್ತಿ ಪತ್ರಿಕೆ ಬೆನ್ನಿಗೆ ನಿಂತ್ರು. ಕೊನೆಗೆ 1970ರಲ್ಲಿ ಸುಪ್ರೀಂ ಕೋರ್ಟು ಪತ್ರಿಕೆ ಪರವಾಗಿ ತೀರ್ಪು ಕೊಡ್ತು, ಇವತ್ತಿಗೂ ಆ ತೀರ್ಪನ್ನ ಕಾನೂನು ವಿದ್ಯಾರ್ಥಿಗಳು ಓದ್ತಾರೆ. ಒಟ್ಟಿಗೆ ಕೂತು ಜೋರಾಗಿ ಮಾತಾಡಿ, ಜಗಳಾಡಿ, ಆಮೇಲೆ ಒಂದಾಗಿ ನಿಲ್ಲೋ ಅಭ್ಯಾಸ ಒಂದು ಊರಿಗೆ ಸುಮ್ಸುಮ್ನೆ ಬರಲ್ಲ. ಮೊದಲ ದಿನದಿಂದ ಕೂರೋಕೆ ಒಂದು ಜಾಗ ಇತ್ತು ಅನ್ನೋದಕ್ಕೂ ಇದಕ್ಕೂ ಸಂಬಂಧ ಇದೆ ಅಂತಲೇ ನಾನು ನಂಬೋದು.

ಮುಂದೆ 1950ರ ದಶಕದ ಶುರುವಿನಲ್ಲಿ ಸರ್ಕಾರ ಮನೆಗಳನ್ನ ಮಾರಿದಾಗ ಬಹುಪಾಲನ್ನ ನಿವಾಸಿಗಳ ಸಹಕಾರಿ ಸಂಘವೇ ಕೊಂಡ್ಕೊಳ್ತು. 1997ರಲ್ಲಿ ಹಳೇ ಊರಿಗೆ ರಾಷ್ಟ್ರೀಯ ಐತಿಹಾಸಿಕ ಸ್ಥಳ ಅನ್ನೋ ಮಾನ್ಯತೆ ಬಂತು. ಅಷ್ಟೊತ್ತಿಗೆ ಸ್ಕೂಲು ಬೇರೆ ಕಡೆ ಹೋಗಿತ್ತು, ಕಟ್ಟಡಾನ ನಗರಾಡಳಿತವೇ ತಗೊಂಡು ರಿಪೇರಿ ಮಾಡಿಸಿ ಪೂರ್ತಿ ಸಮುದಾಯಕ್ಕೆ ಬಿಟ್ಟುಕೊಡ್ತು. ಈಗ ಅಲ್ಲಿ ಕುಂಬಾರಿಕೆ ಕ್ಲಾಸಿದೆ, ಕಲಾವಿದರ ಸ್ಟುಡಿಯೋ ಇದೆ, ವಯಸ್ಸಾದವರಿಗೆ ಕೂಟ ಇದೆ, ಎಲ್ಲಾ ಬಣ್ಣದ ಮಕ್ಕಳೂ ಆ ಶಿಲ್ಪಗಳ ಪಕ್ಕದಲ್ಲೇ ಒಳಗೆ ಓಡ್ತಾವೆ.

ಲೇಖನದ ಆ ಒಂದು ಸಾಲನ್ನ ತಿದ್ದಿ ಹಾಕಿ ಅಂತ ವಿನಂತಿ. ವಾಷಿಂಗ್ಟನ್‌ಗೆ ಮಕ್ಕಳನ್ನ ನೋಡೋಕೆ ಬರೋ ನಿಮ್ಮ ಓದುಗರು ತುಂಬಾ ಜನ ಇದ್ದಾರೆ, ವೈಟ್ ಹೌಸ್ ಮುಂದೆ ಫೋಟೋ ತೆಗೆಸ್ಕೊಂಡಾದ್ಮೇಲೆ ಮೆಟ್ರೋ ಗ್ರೀನ್ ಲೈನ್ ಹತ್ತಿ ಕೊನೇ ಸ್ಟೇಷನ್ನಲ್ಲಿ ಇಳಿದ್ರೆ ಗ್ರೀನ್‌ಬೆಲ್ಟ್, ಅಲ್ಲಿಂದ ಬಸ್ಸಲ್ಲಿ ಸ್ವಲ್ಪ ದೂರ, ಕ್ರೆಸೆಂಟ್ ರೋಡು.

ಇಂತಿ,
ನಿಮ್ಮ ಓದುಗ, ಮೇರಿಲ್ಯಾಂಡ್